ಫಕೀರ ಮನೆ ಅಳೆದದ್ದು

ಫಕೀರನ ಕತೆ ಕೇಳಿ, ನಗು ಬಂದರೆ ನಗಿ. ಬೈಯುವುದಕ್ಕೆ ಮಾತ್ರ ಅವನ ಅವ್ವ ದ್ಯಾಮವ್ವ ಒಬ್ಬಳೇ ಸಾಕು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಆಕೆ ಕುಪ್ಪಸ ಹೊಲಿಯುವವಳು. ಮನೆ ಮಾರಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಕೊಳ್ಳಬೇಕೆಂಬ ಆಸೆ. ಅಂಗಡಿಗೆ ಆರು ಲಕ್ಷ ಬೇಕು. ದಲ್ಲಾಳಿ ಇವರ ಮನೆಗೆ ನಾಲ್ಕೇ ಅನ್ನುತ್ತಿದ್ದ.

“ಮಗನ, ಓಣ್ಯಾಗ ಮಾರಿದ ಮನಿ ಎಲ್ಲಾ ಹೆಜ್ಜಿ ಹಾಕಿ ಅಳಿ. ಎಷ್ಟಕ್ಕ ಹೋಗ್ಯಾವ ಕೇಳು.”

ಫಕೀರ ಮೊದಲ ಮನೆಗೆ ನುಗ್ಗಿದ. ಒಂದು, ಎರಡು, ಮೂರು! ಮಲಗಿದ್ದ ಮುದುಕನನ್ನು ದಾಟಿದ, ರೊಟ್ಟಿ ಬುಟ್ಟಿ ತುಳಿದ. ಬೆನ್ನಿಗೆ ಕಸಬರಿಗೆ ಬಿತ್ತು. ಅವ್ವನ ಹತ್ತಿರ ಓಡಿ ಬಂದ.

“ಅಯ್ಯೋ ಪೆದ್ದಪ್ಪಾ! ಹೊರಗಿಂದ ಸುತ್ತು ಹಾಕಿ ಅಳೀಬೇಕೋ!”

“ಆತಬೇ ಯವ್ವಾ!”

ಎರಡನೆಯದು ಸಾಲುಮನೆ, ಗೋಡೆಗೆ ಗೋಡೆ ಹತ್ತಿದ್ದು. ಫಕೀರ ಹೊರಗಿಂದಲೇ ಸುತ್ತಿದ. ಹನ್ನೊಂದು ಮನೆ, ಒಂದು ಹಿಟ್ಟಿನ ಗಿರಣಿ, ಎಲ್ಲ ಸುತ್ತಿ ಬಂದ.

“ಯವ್ವಾ, ನಾನೂರು ಹೆಜ್ಜಿ! ಐದು ಲಕ್ಷ!”

“ಅದು ಮನ್ಯೋ, ಊರೋ? ಮನಿಯವರನ್ನ ಕೇಳು. ಅವರು ಹೇಳಿದ್ದನ್ನ ಬರಕೊಂಡು ಬಾ!”

ಮೂರನೇ ಮನೆಯಿಂದ ಚೀಟಿ ತಂದ. ಅದರಲ್ಲಿ ಹೀಗಿತ್ತು: “ಯಾವಾಂವಲೇ ನೀನು. ಹಾಲು ಉಕ್ಕಾಕತ್ತೇತಿ. ಆಮ್ಯಾಲ ಬಾ.”

ದ್ಯಾಮವ್ವ ಹಣೆ ಹಣೆ ಬಡಿದುಕೊಂಡಳು. “ಅಂಕಿ ಬರಿ, ಅಂಕಿ ಅಷ್ಟ! ಮನಿಗೆ ಎರಡು. ಎಷ್ಟು ಅಳತಿ, ಎಷ್ಟು ರೇಟು!”

ಈ ಸಲ ಒಂಬತ್ತು ಮನೆಯದು ಸರಿಯಾಗಿ ತಂದ. ನನಗೂ ಆಶ್ಚರ್ಯವೇ! ದ್ಯಾಮವ್ವ ಒಂದೊಂದು ಮನೆಗೆ ಗೋಡೆಯ ಮೇಲೆ ಒಂದೊಂದು ಇದ್ದಿಲ ಚುಕ್ಕಿ ಇಟ್ಟಳು. ಅಳತೆ ಹೆಚ್ಚಾದಷ್ಟು ಬಲಕ್ಕೆ, ರೇಟು ಹೆಚ್ಚಾದಷ್ಟು ಮೇಲಕ್ಕೆ. ಚುಕ್ಕಿಗಳು ಏಣಿ ಹತ್ತಿದ ಹಾಗೆ ಸಾಲಾಗಿ ಏರಿದವು. ನಡುವೆ ಹೊಲಿಗೆ ದಾರ ಬಿಗಿದು ಹಿಡಿದಳು. ತನ್ನ ಮನೆಯ ಅಳತೆಗೆ ದಾರ ಆರು ಲಕ್ಷದ ಎತ್ತರದಲ್ಲಿತ್ತು.

“ನೋಡೋ! ಮನಿ ದೊಡ್ಡದಾದಂಗ ರೇಟೂ ದೊಡ್ಡದು! ನಾಳೆ ನಮ್ಮನಿ ಕೊಳ್ಳಾಕ ನೇಕಾರ ಗುರುಲಿಂಗಣ್ಣ ಬರ್ತಾನ. ಆರಕ್ಕ ಕಡಿಮಿ ಕೊಡಾಂಗಿಲ್ಲ.” ಎಷ್ಟೋ ದಿನದ ಮೇಲೆ ಆಕೆಗೆ ಧೈರ್ಯ ಬಂದಿತ್ತು.

ಮರುದಿನ ಆಕೆ ಗುರುಲಿಂಗಣ್ಣನನ್ನು ಕರೆದುಕೊಂಡು ಬಂದು ನೋಡಿದರೆ, ಫಕೀರ ಹಾರೆ ಹಿಡಿದು ಹಿಂದಿನ ಮಣ್ಣುಗೋಡೆ ಪೂರ್ತಿ ಕೆಡವಿದ್ದ!

“ಏನ್ ಮಾಡಿದ್ಯೋ ನನ್ನಪ್ಪಾ!”

“ಮನಿ ದೊಡ್ಡದು ಮಾಡೀನಿ ಯವ್ವಾ!”

ಗುರುಲಿಂಗಣ್ಣ ಹೊಟ್ಟೆ ಹಿಡಿದು ನಕ್ಕ. ಚುಕ್ಕಿ ನೋಡಿದ, ದಾರ ನೋಡಿದ. “ಲೆಕ್ಕ ಖರೆ ಐತಿ ಅಕ್ಕಾ. ಮಗ್ಗ ಹಾಕಾಕ ಆ ಗೋಡಿ ನಾನ ಕೆಡವಾಂವಿದ್ದೆ. ಆರು ಕೊಡ್ತೀನಿ, ತಗೋ.”

ದ್ಯಾಮವ್ವ ಉಸಿರುಬಿಟ್ಟಳು. ಅಂಗಡಿ ಸಿಕ್ಕ ಹಾಗೇ ಆಯಿತು.

“ಆರ ಏನು?” ಎಂದು ಚೀರಿದ ಫಕೀರ. “ತಡೀರಿ, ಇನ್ನೂ ಅಳದಿಲ್ಲ!” ಗೋಡೆಯಿದ್ದ ಕಡೆಯಿಂದ ಹೊರಬಿದ್ದು, ಹಿತ್ತಲು ದಾಟಿ, ಹೊಲ ದಾಟಿ, ಗುಡ್ಡದ ಕಡೆಗೆ ಹೆಜ್ಜೆ ಎಣಿಸುತ್ತ ಹೊರಟೇಬಿಟ್ಟ. “ಐನೂರ ಒಂದು, ಐನೂರ ಎರಡು... ಯವ್ವಾ, ಒಪ್ಪಬ್ಯಾಡಾ! ನಮ್ಮನಿ ಇನ್ನೂ ಮುಗಿದಿಲ್ಲಾ!”