ಕ್ಯಾಮೆರಾ ಗದರಿದ ದೃಷ್ಟಿಗೊಂಬೆ

ನಗರದಲ್ಲಿ ಹೊಸದಾಗಿ ಏಳುತ್ತಿದ್ದ ಕಟ್ಟಡದ ಮುಂದೆ ಫೋಟೊಗ್ರಾಫರ್ ವೈದೇಹಿ ನಿಂತಿದ್ದಳು. ಪ್ರದರ್ಶನಕ್ಕೆ ಸಂಜೆಯೊಳಗೆ ಒಂದು ಚಿತ್ರ ಕೊಡಬೇಕಿತ್ತು. ಅವಳ ಕೊರಳಲ್ಲಿದ್ದ ಕ್ಯಾಮೆರಾ, ಕಟ್ಟಡಕ್ಕೆ ನೇತುಹಾಕಿದ್ದ ದೃಷ್ಟಿಗೊಂಬೆಯನ್ನು ಗದರಿತು: “ಏ ಕೋರೆಹಲ್ಲಿನವನೇ, ಆಚೆ ಸರಿ! ಅರವತ್ತು ಕಿಟಕಿ ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿವೆ. ನಿನ್ನ ಕೆಂಪು ನಾಲಿಗೆಯೊಂದೇ ಅಂದ ಕೆಡಿಸುತ್ತಿದೆ.”

“ನೋಡುವವರ ಕಣ್ಣು ಮೊದಲು ನನ್ನ ಮೇಲೆ ಬೀಳಲಿ ಎಂದೇ ನನ್ನನ್ನು ಕಟ್ಟಿದ್ದಾರೆ. ಬೇಡವಾದರೆ ನನ್ನನ್ನು ಬಿಟ್ಟು ಫೋಟೊ ತೆಗೆ,” ಎಂದಿತು ಗೊಂಬೆ.

ಕ್ಯಾಮೆರಾ ಗೊಂಬೆಯನ್ನು ಬಿಟ್ಟೇ ತೆಗೆಯಿತು. ವೈದೇಹಿ ಆ ಚಿತ್ರವನ್ನು ಗಾರೆ ಮೇಸ್ತ್ರಿ ಖಾದರ್‌ಗೆ ತೋರಿಸಿದಳು. ಆತ ಮೇಲೆ ಕೆಳಗೆ ನೋಡಿ ತಲೆ ಕೆರೆದುಕೊಂಡ. “ಇದರಲ್ಲಿ ಏನು ನೋಡಬೇಕು ಮೇಡಂ?”

ಅವಳು ಗೊಂಬೆಯನ್ನೂ ಸೇರಿಸಿ ಇನ್ನೊಂದು ತೆಗೆದಳು. ಮೇಸ್ತ್ರಿಯ ಬೆರಳು ನೇರವಾಗಿ ಕೆಂಪು ನಾಲಿಗೆಗೆ ಹೋಯಿತು, ಅಲ್ಲಿಂದ ಕಿಟಕಿಯಿಂದ ಕಿಟಕಿಗೆ ಸರಿಯಿತು. “ಅಬ್ಬಾ! ನಾನೇ ಕೂರಿಸಿದ ಕಿಟಕಿಗಳು. ಇಷ್ಟು ಚೆಂದ ಇವೆ ಅಂತ ಇವತ್ತೇ ಕಂಡಿದ್ದು!”

ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿತು.

“ನಾಚಬೇಡ,” ಎಂದಿತು ಗೊಂಬೆ. “ಫೋಟೊ ತೆಗೆಯುವುದು ನಿನ್ನ ಕೆಲಸ, ದೃಷ್ಟಿ ತೆಗೆಯುವುದು ನನ್ನದು. ನೋಡುವವರ ಕಣ್ಣಿಗೆ ನಿಲ್ಲಲು ಜಾಗ ಸಿಗದಿದ್ದರೆ ನಮ್ಮಿಬ್ಬರಿಗೂ ಪ್ರಯೋಜನವಿಲ್ಲ.”