ಎಲುಬುಗೂಡಿಗೆ ಗುಲಾಬಿಯ ಸಾಕ್ಷಿ

ಒಂದೂರಿನ ಹಾಲಿನ ಡೇರಿಯಲ್ಲಿ ಕಸ ಗುಡಿಸಿ ಚಹಾ ಕೊಡುವ ಹೆಂಗಸೊಬ್ಬಳಿದ್ದಳು. ಅವತ್ತು ಚಹಾ ಹಿಡಿದು ಒಳಗೆ ಹೋದರೆ ಮ್ಯಾನೇಜರ್ ಪಂಪಣ್ಣನವರು ಕೆಂಡವಾಗಿದ್ದರು. ಎದುರಿಗೆ ಟೈಪಿಸ್ಟ್ ಹುಡುಗಿ ತನುಜಾ ಅಳುತ್ತಾ ನಿಂತಿದ್ದಳು.

"ಆಫೀಸಿನ ವಾಟ್ಸಾಪ್ ಗ್ರೂಪಿಗೆ ನಾ ಒಂದು ಜೋಕ್ ಹಾಕಿದ್ರ, ಅದರ ಕೆಳಗ ಎಲುಬುಗೂಡಿನ ಮೀಮ್ ಹಾಕ್ತಿ? ನಾ ಸಾಯ್ಲಿ ಅಂತೇನು? ನಾಳೆಯಿಂದ ಕೆಲಸಕ್ಕ ಬರಬ್ಯಾಡ!"

"ನಕ್ಕು ನಕ್ಕು ಸತ್ತೆ ಅಂತ ಅದು, ಸರ್. ನಮ್ಮ ವಯಸ್ಸಿನವರು ಹಂಗ ಹಾಕೋದ್ರಿ."

ಸಾಹೇಬರು ಕೇಳಬೇಕಲ್ಲ!

ಹೆಂಗಸು ಲೋಟ ಇಟ್ಟು ಸೆರಗು ಹೊದ್ದುಕೊಂಡಳು. "ಹಂಗಾದ್ರ ನಂದೂ ಒಂದು ದೂರು ಐತ್ರಿ ಸಾಹೇಬ್ರ. ದಿನಾ ಮುಂಜಾನೆ ನಿಮ್ಮ ಕೆಂಪು ಗುಲಾಬಿ ನನ್ನ ಮೊಬೈಲಿಗೆ ಬರ್ತೈತಿ. ನನ್ನ ಗಂಡ ಏನಂತ ತಿಳ್ಕೋಬೇಕ್ರಿ?"

ಕುಡಿಯುತ್ತಿದ್ದ ಚಹಾ ಸಾಹೇಬರ ನೆತ್ತಿಗೇರಿತು. "ಯವ್ವಾ, ಅದು ಬರೀ ಶುಭೋದಯ! ನಮ್ಮ ವಯಸ್ಸಿನವರು ಹಂಗ ಹಾಕೋದು!"

"ಈ ಮಾತು ಈಗಷ್ಟೇ ಎಲ್ಲೋ ಕೇಳಿದಂಗಾತಲ್ರಿ."

ಸಾಹೇಬರು ಕೆಮ್ಮಿದರು. ಹುಡುಗಿಯ ಕಡೆ ನೋಡಿದರು. "ಹೋಗವಾ, ಕೆಲಸ ನೋಡ್ಹೋಗು," ಅಂದರು. ಹುಡುಗಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಗ್ರೂಪಿಗೆ ಸಾಹೇಬರ ಶುಭೋದಯ ಬಂತು. ಗುಲಾಬಿ ಇರಲಿಲ್ಲ, ದೊಡ್ಡದೊಂದು ಹೂಕೋಸಿತ್ತು. ತನುಜಾ ತಡೆಯಲಾರದೆ ಎಲುಬುಗೂಡು ಹಾಕಿದಳು. ಅದರ ಕೆಳಗೆ ಸಾಹೇಬರದೂ ಒಂದು ಎಲುಬುಗೂಡು ಬಂತು.