ಗಾಣಿಗಿತ್ತಿಯ ಹೊನಗೊನ್ನೆ ಸೊಪ್ಪು

"ಬುದ್ಧಿ, ಮಕ್ಕಳಿಗೆ ಸೊಪ್ಪು ತಿನ್ನಿಸುವುದು ಹೇಗೆ?"

ಕೇಳಿದವನು ಗುರುಶಾಂತ. ಮಠದಲ್ಲಿದ್ದು ಓದುವ ನಲವತ್ತು ಮಕ್ಕಳ ಅಡುಗೆಯ ಹೊಣೆ ಅವನದು. ಹಿರಿಯ ಅಯ್ಯನವರು ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದರು.

"ತಿನ್ನುವುದಿಲ್ಲವೇ?" ಎಂದರು.

"ಮುದ್ದೆ ಉಣ್ಣುತ್ತಾರೆ, ಸಾರು ಸುರಿಯುತ್ತಾರೆ. ಸೊಪ್ಪನ್ನು ಮಾತ್ರ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಸೌಟು ಹಿಡಿದು ಒಬ್ಬೊಬ್ಬರ ತಲೆಯ ಮೇಲೆ ನಿಂತಿದ್ದಾಯಿತು. ಗದರಿಸಿದ್ದಾಯಿತು. ತಿಂದವರಿಗೆ ಬಾಳೆಹಣ್ಣು ಎಂದು ಆಸೆ ತೋರಿಸಿದ್ದೂ ಆಯಿತು. ನಾಲ್ಕಾರು ಮಕ್ಕಳಿಗೆ ಬಾಯಿಹುಣ್ಣು, ಮುಖದಲ್ಲಿ ರಕ್ತವೇ ಇಲ್ಲ. ಮಕ್ಕಳೆಲ್ಲ ಎದ್ದುಹೋದ ಮೇಲೆ ಒಳಗೆ ಕೂತು ಒಂದಿಷ್ಟು ಮೊಸರನ್ನ ಕಲಸಿಕೊಂಡರೆ, ಆ ಚೆಲ್ಲಿದ ಸೊಪ್ಪು ಕಣ್ಣ ಮುಂದೆ ಬಂದು ನನಗೆ ಅದೂ ಗಂಟಲಲ್ಲಿ ಇಳಿಯುವುದಿಲ್ಲ."

ಅಯ್ಯನವರು ಅವನ ಮುಖವನ್ನು ನೋಡಿದರು. ಅವನ ಸಂಕಟ ಸುಳ್ಳಾಗಿರಲಿಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ಏಳು ವರ್ಷ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತ ಮೇಲೆ ಒಂದು ಹೆಣ್ಣುಮಗು ಹುಟ್ಟಿತು. ಮಗಳಿಗೆ ಆರು ವರ್ಷ ತುಂಬುವ ಹೊತ್ತಿಗೆ ಒಂದು ಕಷ್ಟ ಕಾಣಿಸಿಕೊಂಡಿತು. ಹಗಲೆಲ್ಲ ಕೇರಿ ಸುತ್ತುವ ಹುಡುಗಿ ಮುಸ್ಸಂಜೆಯಾದರೆ ಗೋಡೆ ತಡವುತ್ತಿದ್ದಳು. ಹೊಸ್ತಿಲು ಕಾಣದೆ ಎಡವುತ್ತಿದ್ದಳು. ಎಣ್ಣೆ ತೆಗೆಯುವವರ ಮನೆ, ದೀಪಕ್ಕೇನು ಬಡತನವೇ? ತಾಯಿ ಮೂಲೆಗೊಂದು ದೀಪ ಹಚ್ಚಿದಳು. ಮಗಳಿಗೆ ಅಷ್ಟು ದೀಪದ ನಡುವೆಯೂ ಕತ್ತಲೆಯೇ.

ಊರ ಪಂಡಿತರು ರೆಪ್ಪೆ ಬಿಡಿಸಿ ನೋಡಿದರು. "ಇದು ಇರುಳುಗಣ್ಣು. ಒಂದು ಮಂಡಲ ದಿನವೂ ಹೊನಗೊನ್ನೆ ಸೊಪ್ಪು ತಿನ್ನಿಸು ತಾಯಿ. ಅಲಕ್ಷ್ಯ ಮಾಡಿದರೆ ಹಗಲಿನ ದೃಷ್ಟಿಯೂ ಹೋದೀತು" ಎಂದರು.

ತಾಯಿ ಅಂದಿನಿಂದ ಕೋಳಿ ಕೂಗುವ ಮೊದಲೇ ಎದ್ದು ಕಾಲುವೆಯ ದಂಡೆಗೆ ಹೋದಳು. ಬುಟ್ಟಿ ತುಂಬ ಕಿತ್ತ ಸೊಪ್ಪು ಬೆಂದ ಮೇಲೆ ಒಂದು ಹಿಡಿಯಾಗುತ್ತಿತ್ತು. ಅದರಲ್ಲಿ ಒಂದೆಲೆಯನ್ನೂ ಅವಳು ತನ್ನ ಬಾಯಿಗೆ ಹಾಕಲಿಲ್ಲ. ಎಲ್ಲವೂ ಮಗಳಿಗೆ. ಆ ಮನೆಯ ಪದ್ಧತಿಯೂ ಹಾಗೆಯೇ ಇತ್ತು. ಮೊದಲು ಮಗುವಿನ ಊಟ, ಆಮೇಲೆ ಗಂಡಸರದು, ಆಮೇಲೆ ಅತ್ತೆಯದು. ಎಲ್ಲರೂ ಕೈ ತೊಳೆದ ಮೇಲೆ ಒಲೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತು, ಉಳಿದದ್ದನ್ನು ಸೊಸೆ ಉಣ್ಣಬೇಕು. ಹೆತ್ತ ತಾಯಿ ಉಣ್ಣುವುದನ್ನು ಆ ಹುಡುಗಿ ಒಂದು ದಿನವೂ ಕಂಡಿರಲಿಲ್ಲ.

ಮಗಳನ್ನು ಮಣೆಯ ಮೇಲೆ ಕೂರಿಸಿ ತಾಯಿ ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು.

"ತಿನ್ನವ್ವ, ಒಂದೇ ಒಂದ್ ತುತ್ತು. ತಿಂದ್ರೆ ಬೆಲ್ಲ ಕೊಡ್ತೀನಿ."

"ನಂಗ್ ಬ್ಯಾಡ. ಅದು ಕಾಯ್ಲೆ ಬಂದೋರು ತಿನ್ನೋದು."

ಹುಡುಗಿ ಸುಳ್ಳೇನೂ ಹೇಳಿರಲಿಲ್ಲ. ಆ ಮನೆಯಲ್ಲಿ ಬೇರೆ ಯಾರೂ ಅದನ್ನು ತಿನ್ನುತ್ತಿರಲಿಲ್ಲ. ತಾಯಿಗೆ ಅದು ಹೊಳೆಯಲಿಲ್ಲ. ಅಡಿಕೆಯಷ್ಟಿದ್ದ ಬೆಲ್ಲದ ಚೂರು ವಾರದೊಳಗೆ ನಿಂಬೆಹಣ್ಣಿನಷ್ಟಾಯಿತು. ತಾಯಿ ಚಾಪೆಯ ಕೆಳಗೆ ನುಸುಳಿದರೆ ಮಗಳು ರಂಗೋಲಿಯ ಕೆಳಗೆ ನುಸುಳುವಂಥವಳು. ಸೊಪ್ಪನ್ನು ದವಡೆಗೆ ಒತ್ತಿಟ್ಟುಕೊಂಡು ಬೆಲ್ಲವನ್ನು ಗಿಟ್ಟಿಸಿ, ಹಿತ್ತಲಿಗೆ ಓಡಿ ಕರುವಿನ ಮುಂದೆ ಉಗಿದು ಬರುತ್ತಿದ್ದಳು. ಕರು ಬಾಲ ಆಡಿಸಿ ತಿನ್ನುತ್ತಿತ್ತು. ಅರ್ಧ ಮಂಡಲ ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಯಾರ ಕಣ್ಣಾದರೂ ಚುರುಕಾಗಿದ್ದರೆ ಅದು ಕರುವಿನದು.

ಒಂದು ದಿನ ತಾಯಿ ಅದನ್ನು ಕಂಡುಬಿಟ್ಟಳು. ಅಂದು ಮೊದಲ ಸಲ ಮಗಳಿಗೆ ಹೊಡೆದಳು. ಹೊಡೆದ ಕೈಯನ್ನೇ ಹಣೆಗೆ ಚಚ್ಚಿಕೊಂಡು ಅತ್ತಳು. ಕಾಲುವೆಯ ದಂಡೆಯಲ್ಲಿ ಸೊಪ್ಪಿಗೆ ಬರವಿರಲಿಲ್ಲ, ತನ್ನ ಅಕ್ಕರೆಗೂ ಬರವಿರಲಿಲ್ಲ. ಆದರೂ ಮಗಳ ಕಣ್ಣು ತನ್ನ ಎದುರೇ ಆರುತ್ತಿತ್ತು.

ಮಾರನೆಯ ದಿನ ಒಬ್ಬ ರೈತನಿಗೆ ಎತ್ತಿನ ಹಿಂಡಿ ಕೊಡಬೇಕಾಗಿತ್ತು. ಬುಟ್ಟಿ ಹೊತ್ತು, ಮಗಳ ಕೈ ಹಿಡಿದು ಅವನ ಹೊಲಕ್ಕೆ ಹೋದಳು. ರೈತ ಇರಲಿಲ್ಲ. ರಾಗಿಯ ಕಳೆ ಕೀಳುತ್ತಿದ್ದ ಹೆಂಗಸರು ಹೊಂಗೆಮರದ ಕೆಳಗೆ ಸುತ್ತ ಕೂತು ಬುತ್ತಿ ಬಿಚ್ಚುತ್ತಿದ್ದರು. ಮುದ್ದೆ, ಬಸ್ಸಾರು, ಜೊತೆಗೆ ಬೆಳ್ಳುಳ್ಳಿ ಒಗ್ಗರಣೆಯ ಅದೇ ಹೊನಗೊನ್ನೆ ಸೊಪ್ಪು.

"ಬಾರವ್ವ, ನೀನೂ ಒಂದ್ ತುತ್ತು ಉಣ್ಣು" ಎಂದು ಒಬ್ಬ ಮುದುಕಿ ಕರೆದಳು.

ಒಲ್ಲೆ ಎನ್ನಲು ಗಾಣಿಗಿತ್ತಿ ಬಾಯಿ ತೆರೆದಳು. ಅಷ್ಟರಲ್ಲಿ ಒಗ್ಗರಣೆಯ ಘಮ ಮೂಗಿಗೆ ಬಂತು.

ಮದುವೆಗೆ ಮುಂಚೆ ಅವಳೂ ತವರಿನಲ್ಲಿ ಅವ್ವನ ಹಿಂದೆ ಕಳೆಗೆ ಹೋದವಳೇ. ಅಲ್ಲಿಯೂ ಹೀಗೆಯೇ ನೆರಳು, ಹೀಗೆಯೇ ಸುತ್ತು. ಅವ್ವ, ಸೋದರತ್ತೆ, ಚಿಕ್ಕವ್ವಂದಿರು. ಒಬ್ಬರ ತಟ್ಟೆಗೆ ಇನ್ನೊಬ್ಬರ ಕೈ. ಯಾರದೋ ಗಂಡನನ್ನು ಆಡಿಕೊಂಡು ಎಲ್ಲರೂ ನಗುವುದು. ಅಷ್ಟು ಮೊಣಕೈಗಳ ನಡುವೆ ತಾನು ತಲೆ ತೂರಿಸಿ ಸಿಕ್ಕ ತಟ್ಟೆಗೆ ಕೈ ಹಾಕುತ್ತಿದ್ದುದು ನೆನಪಾಯಿತು. ಆಗ ತನಗೆ ಸೊಪ್ಪು ತಿನ್ನಿಸಿದವರು ಯಾರು ಎಂದು ನೆನೆದು ನೋಡಿದಳು. ಯಾರ ಮುಖವೂ ಬರಲಿಲ್ಲ. ಯಾರೂ ತಿನ್ನಿಸಿರಲಿಲ್ಲ. ಅವ್ವ ಹೋಗಿ ಹನ್ನೊಂದು ವರ್ಷವಾಗಿತ್ತು. ಆ ಘಮಕ್ಕೆ ಅವ್ವ ಪಕ್ಕದಲ್ಲೇ ಬಂದು ಕೂತಂತಾಯಿತು.

ಬುಟ್ಟಿ ಇಳಿಸಿ ಕೂತಳು. ಮುದ್ದೆ ಮುರಿದಳು, ಸೊಪ್ಪು ಬೆರೆಸಿಕೊಂಡಳು, ಉಂಡಳು. ಸಾರು ಮೊಣಕೈವರೆಗೆ ಇಳಿದರೆ ನೆಕ್ಕಿಕೊಂಡಳು. ಯಾರೋ ಏನೋ ಅಂದರು, ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕಳು. ಆರು ವರ್ಷದಲ್ಲಿ ಮೊದಲ ಸಲ ಮಗಳಿಗೆ ಉಣಿಸುವುದನ್ನು ಮರೆತಳು.

ಮಗಳು ದೂರ ನಿಂತು ಆ ಬಾಯನ್ನೇ ನೋಡುತ್ತಿದ್ದಳು. ಹತ್ತಿರ ಬಂದಳು. ಮುದುಕಿ ಅವಳತ್ತ ತಿರುಗದೆ ಸ್ವಲ್ಪ ಸರಿದು ಕೂತಳು. ಆ ಸಂದಿಯಲ್ಲಿ ಹುಡುಗಿ ತೂರಿಕೊಂಡು ತಾಯಿಯ ತಟ್ಟೆಗೆ ಕೈ ಹಾಕಿದಳು. ಹಿಡಿ ಸೊಪ್ಪು ಬಾಯಿಗೆ ಹೋಯಿತು. ದವಡೆಯಲ್ಲಿ ನಿಲ್ಲಲಿಲ್ಲ, ಗಂಟಲಿಗೆ ಇಳಿಯಿತು.

"ಜಾಣೆ" ಎನ್ನಲು ತಾಯಿಯ ನಾಲಿಗೆ ಎದ್ದಿತು. ಮುದುಕಿ ಅವಳ ತೊಡೆ ಚಿವುಟಿ ಮೆಲ್ಲಗೆ ಅಂದಳು: "ಸುಮ್ಕಿರವ್ವ. ನಿನ್ ಪಾಡಿಗೆ ನೀನ್ ಉಣ್ಣು."

ಅಂದಿನಿಂದ ಗಾಣಿಗಿತ್ತಿ ಒಲೆಯ ಪಕ್ಕದ ಗೋಡೆಯನ್ನು ಬಿಟ್ಟಳು. ಮಗಳ ಜೊತೆಯಲ್ಲಿಯೇ, ಒಂದೇ ತಟ್ಟೆಯಲ್ಲಿ, ನಡುಮನೆಯಲ್ಲಿ ಕೂತು ಉಂಡಳು. ಗಂಡಸರ ಊಟಕ್ಕೆ ಮುಂಚೆಯೇ ಸೊಸೆ ಉಣ್ಣುವುದೇ ಎಂದು ಅತ್ತೆ ಮೂಗು ಮುರಿದಳು. ವಾರ ಕಳೆದ ಮೇಲೆ, ಸೊಪ್ಪಿಗೆ ಖಾರ ಕಮ್ಮಿ ಎಂದು ಗೊಣಗುತ್ತ ಅವಳೂ ಬಂದು ಕೂತಳು. ಬೆಲ್ಲ ಗಡಿಗೆಯಲ್ಲಿಯೇ ಉಳಿಯಿತು.

ಹೊಸದಾಗಿ ಹಿಡಿದ ಮಂಡಲ ಮುಗಿಯುವ ಮುನ್ನ ಒಂದು ಮುಸ್ಸಂಜೆ ಕರು ಹಗ್ಗ ಕಿತ್ತುಕೊಂಡಿತು. ತಾಯಿ ಇನ್ನೂ ದೀಪ ಹಚ್ಚಿರಲಿಲ್ಲ. "ಅವ್ವಾ, ಹುಣಸೆಮರದ ಹಿಂದೈತೆ!" ಎಂದು ಕೂಗಿ ಮಗಳು ಆ ಮಸುಕಿನಲ್ಲಿ ಒಂದು ಕಲ್ಲೂ ಎಡವದೆ ಓಡಿದಳು. ತಾಯಿ ದೀಪದ ಬತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಳು.

ಕತೆ ಮುಗಿಯಿತು.

"ಆ ಹೊಂಗೆಮರ ಈಗಿಲ್ಲ" ಎಂದರು ಅಯ್ಯನವರು. "ಅದರ ಕೆಳಗೆ ಕೂತಿದ್ದ ಹೆಂಗಸರೂ ಇಲ್ಲ. ನಾನು ಆ ಮುದುಕಿಯ ಮೊಮ್ಮಗ. ಅವರೆಲ್ಲರ ತಟ್ಟೆಗೆ ಕೈ ಹಾಕಿ ಬೆಳೆದವನು. ಈ ವಯಸ್ಸಿನಲ್ಲಿಯೂ ಆ ಒಗ್ಗರಣೆ ನೆನಪಾದರೆ ಹಸಿವಾಗುತ್ತದೆ."

ಗುರುಶಾಂತನ ಕಣ್ಣು ಒದ್ದೆಯಾಗಿತ್ತು. ಅವನಿಗೂ ಯಾವುದೋ ಹಳೆಯ ಹರಿವಾಣ, ಅದರ ಸುತ್ತ ಅಣ್ಣತಮ್ಮಂದಿರ ಕೈಗಳು ನೆನಪಿಗೆ ಬಂದಿದ್ದವು. ಉತ್ಸಾಹದಿಂದ ಎದ್ದು ನಿಂತ.

"ತಿಳಿಯಿತು ಬುದ್ಧಿ. ನಾಳೆ ಮಕ್ಕಳನ್ನೆಲ್ಲ ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ. ಮರದ ಕೆಳಗೆ ಸುತ್ತ ಕೂರಿಸಿ ನಾನೇ ನಿಂತು ಬಡಿಸುತ್ತೇನೆ."

ಅಯ್ಯನವರು ಕೇಳಿದರು: "ಅದಿರಲಿ ಗುರುಶಾಂತ, ಇವತ್ತಿನ ಸೊಪ್ಪಿಗೆ ಉಪ್ಪು ಸರಿಯಾಗಿತ್ತೇನಪ್ಪ?"

ಗುರುಶಾಂತ ಅಡುಗೆಮನೆಗೆ ಹೋದ. ಪಾತ್ರೆಯ ತಳದಲ್ಲಿ ಉಳಿದಿದ್ದ ಸೊಪ್ಪನ್ನು ಮೊದಲ ಸಲ ತನ್ನ ಬಾಯಿಗೆ ಹಾಕಿಕೊಂಡ.